ಹಳೇ ವುಡ್ ಲೇತ್‌ಗೆ ಚಕ್, ಸೆಂಟರ್, ಟೂಲ್ ರೆಸ್ಟ್: ಯಾವ್ದು ಕೂರತ್ತೆ, ಯಾವ್ದು ತಗೊಂಡ್ರೆ ಒಳ್ಳೇದು

ಹಳೇ ವುಡ್ ಲೇತ್, ಅಂದ್ರೆ ಮರ ತಿರುಗ್ಸಿ ಉಳಿಯಲ್ಲಿ ಕಡೆಯೋ ಮಿಷಿನ್, ಕೈಗೆ ಬಂದ್ರೆ ಎಲ್ರೂ ಮೊದ್ಲು ನೋಡೋದು ಮೋಟರ್ ತಿರುಗತ್ತಾ, ಬೇರಿಂಗ್ ಸದ್ದು ಮಾಡತ್ತಾ ಅಂತ. ಅದೂ ನೋಡ್ಲೇಬೇಕು, ಆದ್ರೆ ಮುಂದೆ ದುಡ್ಡು ಹೋಗೋದೆಲ್ಲ ಚಕ್ಕು (ಮರ ಕಚ್ಚಿ ಹಿಡಿಯೋದು), ಸೆಂಟರ್ರು (ಮರದ ತುದಿಗೆ ಒತ್ತಿ ಹಿಡಿಯೋ ಮೊನೆ), ಟೂಲ್ ರೆಸ್ಟು (ಉಳಿ ಊರೋ ಆಸರೆ) ಅಂತ ಮೇಲಿನ ಸಾಮಾನಿಗೆ, ಮತ್ತೆ ಅದ್ರಲ್ಲಿ ಯಾವ್ದು ನಿಮ್ಮ ಮಿಷಿನ್ನಿಗೆ ಕೂರತ್ತೆ ಅನ್ನೋದನ್ನ ನಾಲ್ಕೇ ನಾಲ್ಕು ಅಳತೆ ತೀರ್ಮಾನ ಮಾಡತ್ತೆ: ಸ್ಪಿಂಡಲ್ (ಮರ ತಿರುಗ್ಸೋ ಶಾಫ್ಟ್) ಮೂತಿಯ ಥ್ರೆಡ್, ಹೆಡ್‌ಸ್ಟಾಕ್ (ಸ್ಪಿಂಡಲ್ ಇರೋ ತಲೆ ಭಾಗ) ಮತ್ತೆ ಟೇಲ್‌ಸ್ಟಾಕ್ (ಅದರ ಎದುರಿನ ಭಾಗ) ಒಳಗಿರೋ ಟೇಪರ್ (ಒಳಗೆ ಹೋಗ್ತಾ ಸಣ್ಣ ಆಗೋ ತೂತು), ಟೂಲ್ ರೆಸ್ಟ್ ಕಾಲಿನ ದಪ್ಪ, ಬೆಡ್‌ನಿಂದ (ಕೆಳಗಿನ ಹಳಿಯಿಂದ) ಸೆಂಟರ್‌ವರೆಗಿನ ಎತ್ತರ. ಕಂಪನಿ ಹೆಸ್ರು ಮಾಡೆಲ್ ನಂಬರ್ ನೋಡ್ಕೊಂಡು ಆರ್ಡರ್ ಮಾಡೋದಕ್ಕಿಂತ ವರ್ನಿಯರ್ ಇಟ್ಟು ಅಳೆದು ಆರ್ಡರ್ ಮಾಡೋದು ಯಾವತ್ತೂ ಮೇಲು, ಯಾಕಂದ್ರೆ ಐವತ್ತು ಅರವತ್ತು ವರ್ಷ ಕೈ ಬದಲಾಯ್ಸಿರೋ ಮಿಷಿನ್ನಲ್ಲಿ ಯಾರೋ ಸ್ಪಿಂಡಲ್ಲೇ ಬದ್ಲು ಮಾಡಿರ್ಬೋದು, ಟೇಲ್‌ಸ್ಟಾಕ್ ಬೇರೆ ಮಿಷಿನ್ನಿಂದ ಬಂದಿರ್ಬೋದು.

ಸ್ಪಿಂಡಲ್ ಥ್ರೆಡ್‌ನಿಂದ ಶುರು ಮಾಡೋಣ, ತಲೆನೋವಲ್ಲಿ ಅರ್ಧಕ್ಕರ್ಧ ಅಲ್ಲೇ ಇರೋದು. ಎರಡು ನಂಬರ್ ಬೇಕು, ದಪ್ಪ ಮತ್ತೆ ಪಿಚ್. ಇಂಚಿನ ಮಿಷಿನ್ ಆದ್ರೆ ಒಂದು ಇಂಚಿಗೆ ಎಷ್ಟು ಹಲ್ಲು ಅಂತ ಹೇಳ್ತಾರೆ, ಅದೇ ಟಿಪಿಐ. ಮೆಟ್ರಿಕ್ ಆದ್ರೆ ಒಂದು ಹಲ್ಲಿನ ತುದಿಯಿಂದ ಪಕ್ಕದ ಹಲ್ಲಿನ ತುದಿಗೆ ಎಷ್ಟು ಮಿಲಿಮೀಟರ್ ಅಂತ. ದಪ್ಪ ಅಳೆದಾಗ ವರ್ನಿಯರ್ ತೋರ್ಸೋದು ಹೆಸರಿಗಿಂತ ಒಂಚೂರು ಕಮ್ಮಿನೇ ಇರತ್ತೆ, ಒಂದು ಇಂಚಿನ ಥ್ರೆಡ್ 25.4 ಬರ್ಬೇಕಿತ್ತು 25.2 ಬಂತಲ್ಲ ಅಂತ ಗಾಬರಿ ಬೇಡ, ಅದು ಸರಿಯಾಗೇ ಇದೆ. ಪಿಚ್‌ನ ಮಾತ್ರ ಕಣ್ಣಂದಾಜಲ್ಲಿ ಹೇಳೋಕೆ ಹೋಗ್ಬೇಡಿ. ಥ್ರೆಡ್ ಗೇಜ್ ಇದ್ರೆ ಒಳ್ಳೇದು, ಇಲ್ಲದಿದ್ರೆ ಐದು ಹಲ್ಲು ದಾಟೋ ದೂರ ಅಳೀರಿ: 8 ಟಿಪಿಐ ಆದ್ರೆ ಹತ್ತತ್ರ 15.9 ಮಿಮೀ ಬರತ್ತೆ, 10 ಟಿಪಿಐಗೆ 12.7, 12 ಟಿಪಿಐಗೆ 10.6, 16 ಟಿಪಿಐಗೆ 7.9, ಮೆಟ್ರಿಕ್ 3.5 ಪಿಚ್ ಆದ್ರೆ 17.5. ಒಂದೇ ಹಲ್ಲಿನ ಅಂತರ ಅಳೆದ್ರೆ ಈ ವ್ಯತ್ಯಾಸ ಕಾಣ್ಸೋದೇ ಇಲ್ಲ, ಐದು ಸೇರಿಸಿ ಅಳೆದಾಗ ಮಾತ್ರ ಬೇರೆ ಬೇರೆ ಅಂತ ಸ್ಪಷ್ಟ ಆಗತ್ತೆ.

ಸಾಮಾನ್ಯವಾಗಿ ಏನೇನು ಸಿಗತ್ತೆ ಅಂದ್ರೆ, ಹಳೇ ಅಮೆರಿಕನ್ ಸಣ್ಣ ಲೇತ್‌ಗಳಲ್ಲಿ, ಅದ್ರಲ್ಲೂ ಕ್ರಾಫ್ಟ್ಸ್‌ಮನ್ ಹೆಸರಲ್ಲಿ ಬಂದಿರೋದ್ರಲ್ಲಿ, ಮುಕ್ಕಾಲು ಇಂಚು 16 ಟಿಪಿಐ ಜಾಸ್ತಿ. ರೆಕಾರ್ಡ್‌ನ ಹಳೇ ಬೆಂಚ್ ಲೇತ್‌ಗಳಲ್ಲೂ ಅದೇ ಥ್ರೆಡ್ ಇದೆ. ಮಧ್ಯಮ ಸೈಜಿನವಕ್ಕೆ 1 ಇಂಚು 8 ಟಿಪಿಐ, ಇದು ಸಿಕ್ಕಿದ್ರೆ ನೀವು ಅದೃಷ್ಟವಂತರು, ಈ ಅಳತೆಗೆ ಮಾರ್ಕೆಟ್ಟಲ್ಲಿ ಎಲ್ಲಾನೂ ಇದೆ. ಪವರ್‌ಮ್ಯಾಟಿಕ್ 90 ತರದ ಭಾರೀ ಮಿಷಿನ್‌ಗಳಿಗೆ ಒಂದೂವರೆ ಇಂಚು 8 ಟಿಪಿಐ. ಬ್ರಿಟಿಷ್ ಮಿಷಿನ್‌ಗಳು ಬಂದಾಗ ಲೆಕ್ಕ ತಪ್ಪತ್ತೆ: ಮೈಫೋರ್ಡ್ ಎಂಎಲ್8 ಗೆ 1 ಇಂಚು 12 ಟಿಪಿಐ, ಹ್ಯಾರಿಸನ್ ಗ್ರಾಜುಯೇಟ್‌ಗೆ ಒಂದೂವರೆ ಇಂಚು 6 ಟಿಪಿಐ. ಅಂದ್ರೆ ದಪ್ಪ ಒಂದೇ ಇದ್ರೂ ಎಂಎಲ್8 ಮೂತಿಗೆ 8 ಟಿಪಿಐ ಚಕ್ ಹತ್ತಲ್ಲ, ಗ್ರಾಜುಯೇಟ್ ಮೂತಿಗೆ ಪವರ್‌ಮ್ಯಾಟಿಕ್‌ದು ಹತ್ತಲ್ಲ. ಯುರೋಪಿನ ದೊಡ್ಡ ಲೇತ್‌ಗಳಿಗೆ ಎಂ33, 3.5 ಪಿಚ್. ಇನ್ನು ಶಾಪ್‌ಸ್ಮಿತ್ ಇದ್ರೆ ಥ್ರೆಡ್ಡೇ ಇರಲ್ಲ, 5/8 ಇಂಚಿನ ನುಣುಪು ಶಾಫ್ಟ್, ಸಾಮಾನು ಸೆಟ್ ಸ್ಕ್ರೂ ಹಾಕಿ ಹಿಡ್ಸೋದು, ಅದಕ್ಕೆ ಬೇರೆನೇ ಅಡಾಪ್ಟರ್.

ಹಾರ್ಡ್‌ವೇರ್ ಅಂಗಡಿ ನಟ್ ಹಾಕಿ ಟೆಸ್ಟ್ ಮಾಡಿ ಅಂತ ಕೆಲವ್ರು ಹೇಳ್ತಾರೆ. 1 ಇಂಚಿಗೆ ಇದು ನಡಿಯತ್ತೆ, ಅಮೆರಿಕನ್ ಕೋರ್ಸ್ ಥ್ರೆಡ್ಡೂ 8, ಬ್ರಿಟಿಷ್ ವಿಟ್‌ವರ್ತೂ 8. ಆದ್ರೆ ಒಂದೂಕಾಲು ಇಂಚಿನ ಮಾಮೂಲಿ ನಟ್ಟಿಗೆ 7 ಟಿಪಿಐ, ಒಂದೂವರೆಗೆ 6. ಲೇತ್ ಮೂತಿ 8 ಆಗಿದ್ರೆ ಈ ನಟ್ಟು ಎರಡು ಸುತ್ತಿಗೇ ಕಚ್ಕೊಂಡು ನಿಲ್ಲತ್ತೆ, ಆಗ ಥ್ರೆಡ್ ಹಾಳಾಗಿದೆ ಅಂದ್ಕೊಂಡು ಸ್ಪ್ಯಾನರ್ ಹಾಕಿ ತಿರುಗ್ಸಿದ್ರೆ ಆವಾಗ ನಿಜವಾಗ್ಲೂ ಹಾಳಾಗತ್ತೆ. ಇನ್ನೊಂದು ವಿಷ್ಯ, ವಿಟ್‌ವರ್ತ್ ಹಲ್ಲಿನ ಕೋನ 55 ಡಿಗ್ರಿ, ಅಮೆರಿಕನ್ ಮತ್ತೆ ಮೆಟ್ರಿಕ್ ಎರಡೂ 60 ಡಿಗ್ರಿ. ನಟ್ ಸಲೀಸಾಗಿ ಹತ್ತಿತು ಅಂದ ಮಾತ್ರಕ್ಕೆ ಹಲ್ಲು ಪೂರ್ತಿ ಕೂತಿದೆ ಅಂತಲ್ಲ. ಹಗುರ ಫೇಸ್‌ಪ್ಲೇಟ್‌ಗೆ (ಮರವನ್ನ ಸ್ಕ್ರೂ ಹೊಡೆದು ಕೂರ್ಸೋ ತಟ್ಟೆ) ಪರ್ವಾಗಿಲ್ಲ ಅನ್ಬೋದು, ದೊಡ್ಡ ಬೌಲ್ ಹಿಡಿಯೋ ಚಕ್‌ಗೆ ನಾನಂತೂ ಸರಿಯಾದ ಕೋನದ ಥ್ರೆಡ್ಡೇ ಇರ್ಬೇಕು ಅಂತೀನಿ.

ಥ್ರೆಡ್ಡಿನಷ್ಟೇ ಮುಖ್ಯ ಆದ್ರೆ ಯಾರೂ ಅಳೆಯದೇ ಇರೋದು ಅದ್ರ ಹಿಂದಿರೋ ಶೋಲ್ಡರ್. ಚಕ್ ಸೆಂಟರ್‌ಗೆ ಬರೋದು ಥ್ರೆಡ್‌ನಿಂದಲ್ಲ, ಥ್ರೆಡ್ ಬರೀ ಎಳ್ಕೊಳತ್ತೆ ಅಷ್ಟೇ. ಚಕ್ಕಿನ ಹಿಂಬದಿ ಹೋಗಿ ಆ ಚಪ್ಪಟೆ ಶೋಲ್ಡರ್‌ಗೆ ಸುತ್ತಲೂ ಒಂದೇ ಸಮ ಕೂತಾಗ ಮಾತ್ರ ಚಕ್ ನೇರ ತಿರುಗತ್ತೆ. ಹಳೇ ಮಿಷಿನ್ನಲ್ಲಿ ಈ ಶೋಲ್ಡರ್ ಮೇಲೆ ತುಕ್ಕು, ಗಂಟು, ಸುತ್ತಿಗೆ ಏಟಿನ ಗುರ್ತು ಎಲ್ಲ ಇರತ್ತೆ. ಚಕ್ ಹಾಕಿ ಕೈಯಲ್ಲಿ ಟೈಟ್ ಮಾಡೋವಾಗ ಶೋಲ್ಡರ್‌ಗೂ ಚಕ್‌ಗೂ ಮಧ್ಯ ತೆಳು ಕಾಗದದ ಪಟ್ಟಿಗಳನ್ನ ನಾಲ್ಕು ಕಡೆ ಇಟ್ಟು ಎಳೆದು ನೋಡಿ, ನಾಲ್ಕೂ ಹಿಡ್ಕೊಂಡ್ರೆ ಸರಿ, ಒಂದು ಪಟ್ಟಿ ಸಲೀಸಾಗಿ ಬಂದ್ಬಿಟ್ರೆ ಆ ಕಡೆ ಸಂದಿ ಇದೆ. ನಾಲ್ಕೂ ಬಂದ್ಬಿಟ್ರೆ ಚಕ್ ಶೋಲ್ಡರ್ ಮುಟ್ಟೋಕೆ ಮುಂಚೆನೇ ಥ್ರೆಡ್ ಮುಗ್ದಿದೆ ಅಂತ ಅರ್ಥ, ಆಗ ಮಧ್ಯೆ ಒಂದು ಸಮತಟ್ಟಾದ ಲೋಹದ ರಿಂಗ್ ಬೇಕು. ನೈಲಾನ್ ವಾಷರ್ ಹಾಕೋರೂ ಇದಾರೆ, ಅದು ಚಕ್ ಜಾಮ್ ಆಗದೇ ಇರೋಕೆ ಒಳ್ಳೇದು, ಆದ್ರೆ ಸಂದಿ ತುಂಬೋಕಲ್ಲ.

ಈಗ ಆಯ್ಕೆಗೆ ಬರೋಣ. ಚಕ್ ತಗೋಳೋವಾಗ ನಿಮ್ಮ ಮುಂದೆ ಇರೋ ದಾರಿಗಳು ಮುಖ್ಯವಾಗಿ ನಾಲ್ಕು.

ಮೊದಲ್ನೇದು, ಆ ಕಾಲದ ಒರಿಜಿನಲ್ ಸಾಮಾನೇ ಹುಡುಕೋದು. ಫೇಸ್‌ಪ್ಲೇಟ್, ಸ್ಪರ್ ಸೆಂಟರ್, ಕಪ್ ಸೆಂಟರ್, ಟೂಲ್ ರೆಸ್ಟ್ ಇಂಥವಕ್ಕೆ ಇದು ಬಹಳ ಒಳ್ಳೆ ದಾರಿ, ಬೀಡು ಎರಕದ ಹಳೇ ಫೇಸ್‌ಪ್ಲೇಟ್ ಕೆಡೋ ವಸ್ತು ಅಲ್ಲ, ಕಣ್ಣಿಗೆ ಬಿರುಕು ಕಾಣದಿದ್ರೆ ಧೈರ್ಯವಾಗಿ ತಗೋಬೋದು. ಆದ್ರೆ ಚಕ್ ವಿಷ್ಯದಲ್ಲಿ ಹಳೇದು ಬೇಡ ಅಂತ ನನ್ನ ಅಭಿಪ್ರಾಯ. ಹಳೇ ಮಿಷಿನ್ ಜೊತೆ ಬರೋದು ಎಷ್ಟೋ ಸಲ ಕಬ್ಬಿಣದ ಲೇತ್‌ನ ಮೂರು ಜಾ (ಹಿಡಿಯೋ ದವಡೆ) ಇರೋ ಚಕ್ಕು. ಅದು ಲೋಹ ಹಿಡಿಯೋಕೆ ಮಾಡಿರೋದು, ಮರವನ್ನ ಮೂರೇ ಬಿಂದುವಲ್ಲಿ ಒತ್ತಿ ಜಜ್ಜತ್ತೆ, ಜಾ ಹೊರಗೆ ಚಾಚ್ಕೊಂಡು ತಿರುಗೋವಾಗ ಕಣ್ಣಿಗೆ ಕಾಣದು, ಬೆರಳು ತಗುಲಿದ್ರೆ ದೊಡ್ಡ ಅನಾಹುತ.

ಎರಡ್ನೇದು, ಇನ್ಸರ್ಟ್ ಹಾಕೋ ನಾಲ್ಕು ಜಾ ಸ್ಕ್ರೋಲ್ ಚಕ್, ಅಂದ್ರೆ ನಾಲ್ಕೂ ಜಾ ಒಟ್ಟಿಗೇ ಸರಿಯೋದು. ನೋವಾ, ಒನ್‌ವೇ, ವಿಕ್‌ಮಾರ್ಕ್ ಇವ್ರ ಹತ್ರ ಎಲ್ಲ ಇಂಥ ಮಾಡೆಲ್‌ಗಳಿವೆ. ಚಕ್ಕಿನ ಹಿಂದೆ ಒಂದು ದೊಡ್ಡ ತೂತು ಇರತ್ತೆ, ಅದಕ್ಕೆ ನಿಮ್ಮ ಸ್ಪಿಂಡಲ್ ಥ್ರೆಡ್‌ದು ಇನ್ಸರ್ಟ್ ಬೇರೆ ತಗೊಂಡು ಹಾಕೋದು. ನನ್ನ ಕೇಳಿದ್ರೆ ಹಳೇ ಲೇತ್ ಇರೋರಿಗೆ ಇದೇ ಸರಿ, ಬೇರೆ ಯಾವ್ದೂ ಇಷ್ಟು ಹೊಂದಲ್ಲ. ಕಾರಣ ಏನಂದ್ರೆ ಚಕ್ಕೇ ದುಬಾರಿ, ಇನ್ಸರ್ಟ್ ಅದರ ಮುಂದೆ ಸಣ್ಣ ಖರ್ಚು, ನಾಳೆ ಬೇರೆ ಲೇತ್ ಬಂದ್ರೆ ಇನ್ಸರ್ಟ್ ಮಾತ್ರ ಬದಲಾಯ್ಸಿದ್ರೆ ಆಯ್ತು. ವಿಚಿತ್ರ ಥ್ರೆಡ್ ಇದ್ರೂ ಚಿಂತೆ ಇಲ್ಲ, ಥ್ರೆಡ್ ಹೊಡೆಯದ ಖಾಲಿ ಇನ್ಸರ್ಟೂ ಸಿಗತ್ತೆ, ಅದನ್ನ ಒಬ್ಬ ಒಳ್ಳೆ ಟರ್ನರ್ ಹತ್ರ ಕೊಟ್ಟು ಎಂಎಲ್8 ತರದ 12 ಟಿಪಿಐ ಥ್ರೆಡ್ಡೂ ಹೊಡ್ಸಬೋದು. ಕೊಡೋವಾಗ ಬರೀ ನಂಬರ್ ಬರ್ದು ಕೊಡ್ಬೇಡಿ, ಸ್ಪಿಂಡಲ್ ಬಿಚ್ಚೋಕಾದ್ರೆ ಸ್ಪಿಂಡಲ್ಲನ್ನೇ, ಇಲ್ಲದಿದ್ರೆ ಹಳೇ ಫೇಸ್‌ಪ್ಲೇಟನ್ನ ಮಾದರಿಗೆ ಕೊಡಿ. ನೆನಪಿಡ್ಬೇಕಾದ್ದು, ಒಂದು ಕಂಪನಿ ಇನ್ಸರ್ಟ್ ಇನ್ನೊಂದು ಕಂಪನಿ ಚಕ್‌ಗೆ ಹೋಗಲ್ಲ. ಮತ್ತೆ ಇನ್ಸರ್ಟ್ ಹಾಕೋವಾಗ ಎರಡೂ ಮೈ ಬಟ್ಟೆಯಲ್ಲಿ ಒರೆಸಿ ಹಾಕಿ, ಒಂದೇ ಒಂದು ಮರದ ಚೂರು ಸಿಕ್ಕೊಂಡ್ರೂ ಚಕ್ ಜೀವಮಾನ ಪೂರ್ತಿ ಓರೆ ತಿರುಗತ್ತೆ.

ಮೂರ್ನೇದು, ಥ್ರೆಡ್ ಅಡಾಪ್ಟರ್. ಮುಕ್ಕಾಲು ಇಂಚಿನ ಮೂತಿಗೆ ಒಂದು ಲೋಹದ ತುಂಡು ತಿರುಗ್ಸಿದ್ರೆ ಹೊರಗಡೆ 1 ಇಂಚು 8 ಟಿಪಿಐ ಸಿಗತ್ತೆ, ಆಮೇಲೆ ಎಲ್ಲಾ ಸಾಮಾನೂ ಹೊಸ ಅಳತೆಗೇ ತಗೋಬೋದು. ಕಮ್ಮಿ ಖರ್ಚು, ಸುಲಭ, ಅದಕ್ಕೇ ಎಲ್ರೂ ಇದನ್ನೇ ಮೊದ್ಲು ಹುಡುಕೋದು. ಆದ್ರೆ ಇದ್ರಲ್ಲಿ ಎರಡು ತೊಂದ್ರೆ. ಒಂದು, ಅಡಾಪ್ಟರ್‌ನಲ್ಲಿ ಎಷ್ಟು ಔಟ್ (ಓರೆ ತಿರುಗೋದು) ಇದ್ಯೋ ಅದು ಚಕ್ಕಿನ ಔಟ್ ಮೇಲೆ ಸೇರ್ಕೊಳತ್ತೆ. ಎರಡು, ಚಕ್ ಬೇರಿಂಗ್‌ನಿಂದ ಒಂದು ಇಂಚೋ ಅದಕ್ಕಿಂತ ಜಾಸ್ತಿನೋ ಮುಂದೆ ಹೋಗತ್ತೆ, ತೆಳು ಸ್ಪಿಂಡಲ್ ಮೇಲೆ ಆ ಚಾಚಿನ ಭಾರ ಗೌಜ್ (ಬಾಗಿದ ಅಂಚಿನ ಉಳಿ) ಮುಟ್ಟಿಸಿದ ತಕ್ಷಣ ಅದುರಾಟವಾಗಿ ಕೈಗೆ ಬರತ್ತೆ. ಹೊರಗಿನ ಥ್ರೆಡ್ ದೊಡ್ಡದಾದ್ರೂ ಒಳಗಿನ ಸ್ಪಿಂಡಲ್ ಅದೇ ಮುಕ್ಕಾಲು ಇಂಚಿಂದೇ ಅಲ್ವಾ, ಶಕ್ತಿ ಏನೂ ಜಾಸ್ತಿ ಆಗಿರಲ್ಲ. ಟೇಲ್‌ಸ್ಟಾಕ್ ಒತ್ತಿ ಹಿಡಿದು ಮಾಡೋ ಸ್ಪಿಂಡಲ್ ಕೆಲ್ಸ, ಸಣ್ಣ ಡಬ್ಬಿ, ಬಾಟಲ್ ಸ್ಟಾಪರ್ ಇದಕ್ಕೆಲ್ಲ ಅಡಾಪ್ಟರ್ ಸಾಕು. ಬೌಲ್ ಮಾಡೋರು ಇನ್ಸರ್ಟ್ ದಾರಿಗೇ ಹೋಗಿ.

ನಾಲ್ಕ್ನೇದು ಸ್ಪಿಂಡಲ್ಲೇ ಬದಲಾಯ್ಸೋದು, ಅಥವಾ ಹಳೇ ಮೂತಿಗೆ ಹೊಸ ಥ್ರೆಡ್ ಹೊಡ್ಸೋದು. ಥ್ರೆಡ್ ಪೂರ್ತಿ ಸವೆದು ಹೋಗಿದ್ರೆ ಬಿಟ್ರೆ ಇದ್ರ ಕಡೆ ಹೋಗೋ ಅಗತ್ಯ ಇಲ್ಲ, ಮಿಷಿನ್ ಜೊತೆ ಬಂದಿರೋ ಒರಿಜಿನಲ್ ಫೇಸ್‌ಪ್ಲೇಟೆಲ್ಲ ಆವಾಗ ವ್ಯರ್ಥ ಆಗತ್ತೆ.

ಚಕ್ಕಿನ ಸೈಜ್ ಬಗ್ಗೆ ಒಂದು ಮಾತು ಗಟ್ಟಿಯಾಗಿ ಹೇಳ್ಬೇಕು: ಹಳೇ ಹಗುರ ಲೇತ್‌ಗೆ ದೊಡ್ಡ ಚಕ್ ಹಾಕ್ಬೇಡಿ. 12 ಇಂಚು ಸ್ವಿಂಗ್ (ಮಿಷಿನ್ನಲ್ಲಿ ಹಿಡಿಸೋ ಅತೀ ದೊಡ್ಡ ವ್ಯಾಸ) ಒಳಗಿನ ಮಿಷಿನ್‌ಗಳಿಗೆ 4 ಇಂಚು ಆಸುಪಾಸಿನ ಚಕ್ ಸಾಕಾಗತ್ತೆ. ಎಷ್ಟೋ ಹಳೇ ಲೇತ್‌ಗಳಲ್ಲಿ ಬಾಲ್ ಬೇರಿಂಗ್ ಇರಲ್ಲ, ಕಂಚಿನ ಬುಷ್ ಅಥವಾ ಬ್ಯಾಬಿಟ್ (ಮೆತ್ತನೆ ಲೋಹದ ಬೇರಿಂಗ್) ಇರತ್ತೆ, ಅದು ಎಣ್ಣೆ ಪದರದ ಮೇಲೆ ಓಡೋದು. ಆರ್ಡರ್ ಮಾಡೋಕೆ ಮುಂಚೆ ಬೆಲ್ಟ್ ತೆಗೆದು ಸ್ಪಿಂಡಲ್ ಮೂತಿ ಹಿಡಿದು ಮೇಲೆ ಕೆಳಗೆ ಎತ್ತಿ ನೋಡಿ, ಕೈಗೆ ಟಕ್ ಟಕ್ ಅಂತ ಆಟ ಗೊತ್ತಾದ್ರೆ ಮೊದ್ಲು ಬುಷ್ ಸರಿ ಮಾಡ್ಸಿ, ಚಕ್ ಆಮೇಲೆ. ಜಾ ವಿಷ್ಯಕ್ಕೆ ಬಂದ್ರೆ ಶುರುವಿಗೆ 50 ಮಿಮೀ ಜಾ ಒಂದೇ ಸೆಟ್ ಸಾಕು. ಜಾ ಹತ್ತತ್ರ ಮುಚ್ಚಿರೋವಾಗಷ್ಟೇ ನಾಲ್ಕೂ ಸೇರಿ ಪೂರ್ಣ ವೃತ್ತ ಆಗೋದು, ಆ ಅಳತೆಗೆ ಟೆನನ್ (ಜಾ ಹಿಡಿಯೋಕೆ ಮರದಲ್ಲಿ ಬಿಡೋ ದುಂಡು ಬುಡ) ಕಡೆದ್ರೆ ಸುತ್ತಲೂ ಹಿಡಿತ ಸಿಗತ್ತೆ, ಜಾ ಪೂರ್ತಿ ಅಗಲಿಸಿ ಹಿಡಿದ್ರೆ ಎಂಟು ಮೂಲೆ ಮಾತ್ರ ಮರಕ್ಕೆ ಕಚ್ಚತ್ತೆ. ಇನ್ನು ಮೋಟರ್‌ಗೆ ರಿವರ್ಸ್ ಇರೋರು, ಚಕ್ಕನ್ನ ಸ್ಪಿಂಡಲ್‌ಗೆ ಹಿಡಿಯೋ ಗ್ರಬ್ ಸ್ಕ್ರೂ ಇಲ್ದೇ ರಿವರ್ಸ್ ಹಾಕ್ಲೇಬೇಡಿ, ಚಕ್ ಬಿಚ್ಕೊಂಡು ಮೈಮೇಲೆ ಬರತ್ತೆ.

ಚಕ್‌ಗೆ ಈಗ್ಲೇ ದುಡ್ಡಿಲ್ಲ ಅಂದ್ರೆ ಫೇಸ್‌ಪ್ಲೇಟ್ ಮತ್ತೆ ಗ್ಲೂ ಬ್ಲಾಕಲ್ಲೇ (ಬೌಲ್ ಮರಕ್ಕೆ ಅಂಟಿಸೋ ಮರದ ತುಂಡು) ಎಷ್ಟು ಬೇಕಾದ್ರೂ ಬೌಲ್ ಮಾಡ್ಬೋದು. ನಿಮ್ಮ ಸ್ಪಿಂಡಲ್ ಅಳತೆಯ ಟ್ಯಾಪ್ ಒಂದಿದ್ರೆ ಗಟ್ಟಿ ಮರದ ತುಂಡಿಗೇ ಥ್ರೆಡ್ ಹೊಡೆದು ಮರದ ಫೇಸ್‌ಪ್ಲೇಟ್ ಬೇಕಾದಷ್ಟು ಮಾಡ್ಕೋಬೋದು, 1 ಇಂಚು 8 ಟಿಪಿಐಗೆ ಇಂಥ ಟ್ಯಾಪ್ ಮರದ ಕೆಲ್ಸಕ್ಕೆ ಅಂತಲೇ ಸಿಗತ್ತೆ.

ಸ್ಪಿಂಡಲ್‌ನ ಹಿಂದಿನ ತುದಿ, ಅಂದ್ರೆ ಔಟ್‌ಬೋರ್ಡ್ ಕಡೆ ಕೂಡ ಥ್ರೆಡ್ ಇದ್ರೆ ಅದು ಸಾಮಾನ್ಯವಾಗಿ ಎಡಗೈ ಥ್ರೆಡ್, ಮಿಷಿನ್ ತಿರುಗೋವಾಗ ಬಿಚ್ಕೋಬಾರ್ದು ಅಂತ. ಅಲ್ಲಿಗೆ ಮುಂದಿನ ಫೇಸ್‌ಪ್ಲೇಟ್ ಹತ್ತಲ್ಲ, ಎಡಗೈದೇ ಬೇಕು, ಮಿಷಿನ್ ಜೊತೆ ಅದು ಸಿಕ್ಕಿದ್ರೆ ಜೋಪಾನವಾಗಿ ಇಟ್ಕೊಳ್ಳಿ, ಆಮೇಲೆ ಹುಡುಕಿದ್ರೆ ಸಿಗೋದು ಕಷ್ಟ.

ಮುಂದೆ ಟೇಪರ್. ಸೆಂಟರ್‌ಗಳು, ಡ್ರಿಲ್ ಚಕ್ ಎಲ್ಲ ಕೂರೋದು ಮೋರ್ಸ್ ಟೇಪರಲ್ಲಿ, ಟ್ವಿಸ್ಟ್ ಡ್ರಿಲ್ಲಿಗೆ 1863ರಲ್ಲಿ ಪೇಟೆಂಟ್ ತಗೊಂಡ ಅಮೆರಿಕದ ಸ್ಟೀಫನ್ ಮೋರ್ಸ್ ಹೆಸರಿಂದ ಬಂದಿದ್ದು ಅದು. ಹತ್ತತ್ರ 20ಕ್ಕೆ 1 ಇಳಿಜಾರು, ಅಷ್ಟು ಸಣ್ಣ ಇಳಿಜಾರು ಇರೋದ್ರಿಂದ್ಲೇ ಬೋಲ್ಟ್ ಇಲ್ದೇ ಒತ್ತಿದ್ರೆ ತಾನೇ ಕಚ್ಕೊಳತ್ತೆ. ವುಡ್ ಲೇತಲ್ಲಿ ಬರೋದು ಎಂಟಿ1 (ಮೋರ್ಸ್ ಟೇಪರ್ 1), ಎಂಟಿ2, ದೊಡ್ಡ ಮಿಷಿನ್ನಲ್ಲಿ ಎಂಟಿ3. ತೂತಿನ ಬಾಯಿ ಅಳೀರಿ: ಹತ್ತಿರ 12 ಮಿಮೀ ಇದ್ರೆ ಎಂಟಿ1, 17.8 ಇದ್ರೆ ಎಂಟಿ2, 23.8 ಇದ್ರೆ ಎಂಟಿ3. ಹೆಡ್‌ಸ್ಟಾಕಲ್ಲಿ ಒಂದು, ಟೇಲ್‌ಸ್ಟಾಕಲ್ಲಿ ಇನ್ನೊಂದು ಇರೋದೂ ಉಂಟು, ಎರಡನ್ನೂ ಬೇರೆ ಬೇರೆಯಾಗಿ ಅಳೀರಿ.

ಅಳತೆ ಹೊಂದಿದ್ರೂ ನಿಜವಾಗಿ ಕೂರತ್ತಾ ಅಂತ ತಿಳ್ಯೋಕೆ ಮಾರ್ಕರ್ ಪೆನ್ ಸಾಕು. ಹೊಸ ಸೆಂಟರ್‌ನ ಟೇಪರ್ ಮೇಲೆ ಉದ್ದಕ್ಕೆ ಮೂರು ಗೆರೆ ಎಳೀರಿ, ತೂತನ್ನ ಚೆನ್ನಾಗಿ ಒರೆಸಿ ಸೆಂಟರ್ ಒಳಗೆ ಇಟ್ಟು ಮೆತ್ತಗೆ ಒತ್ತಿ ಕಾಲು ಸುತ್ತು ತಿರುಗ್ಸಿ ಹೊರಗೆ ತೆಗೀರಿ. ಗೆರೆ ಉದ್ದಕ್ಕೂ ಒಂದೇ ಸಮ ಅಳ್ಸಿದ್ರೆ ಹೊಂದಿದೆ. ಬಾಯಿ ಕಡೆ ಮಾತ್ರ ಅಳ್ಸಿ ಒಳ ತುದಿಲಿ ಗೆರೆ ಹಾಗೇ ಉಳಿದ್ರೆ, ಅಥವಾ ಇದಕ್ಕೆ ಉಲ್ಟಾ ಆದ್ರೆ, ಆ ಟೇಪರ್ರೇ ಬೇರೆ. ಮಧ್ಯೆ ಒಂದೇ ಕಡೆ ಗೀರು ಬಿದ್ರೆ ಒಳಗೆ ಮೊಂಡು ಗಂಟಿದೆ, ಮೋರ್ಸ್ ಟೇಪರ್ ರೀಮರ್ ಹಾಕಿ ಕೈಯಲ್ಲೇ ಒಂದೆರಡು ಸುತ್ತು ಹಗುರ ತಿರುಗ್ಸಿದ್ರೆ ಹೋಗತ್ತೆ, ಮಿಷಿನ್ ಓಡ್ಸಿ ಮಾಡೋಕೆ ಹೋಗ್ಬೇಡಿ.

ಎಂಟಿ2 ತೂತಿಗೆ ಎಂಟಿ1 ಸೆಂಟರ್ ಹಾಕೋಕೆ ಸ್ಲೀವ್ ಸಿಗತ್ತೆ, ಅದು ಆರಾಮ. ಎಂಟಿ1 ತೂತಿಗೆ ಎಂಟಿ2 ಸಾಮಾನು ಹಾಕೋ ಅಡಾಪ್ಟರೂ ಇದೆ, ಆದ್ರೆ ಅದು ಹೊರಗೆ ಉದ್ದಕ್ಕೆ ಚಾಚತ್ತೆ, ಬೆಡ್ ಉದ್ದ ತಿನ್ನತ್ತೆ, ಅದುರತ್ತೆ. ಎಂಟಿ1 ಲೇತ್ ಇದ್ರೆ ಎಂಟಿ1 ಸೆಂಟರ್ರೇ ತಗೊಳ್ಳಿ, ಆಯ್ಕೆ ಕಮ್ಮಿ ಇದ್ರೂ ಒಳ್ಳೇದಿದೆ.

ಹಳೇ ಲೇತ್ ಜೊತೆ ಬರೋದು ಡೆಡ್ ಸೆಂಟರ್, ತಿರುಗದೇ ಇರೋದು, ಮೇಣನೋ ಎಣ್ಣೆನೋ ಹಚ್ಚದಿದ್ರೆ ಮರ ಸುಡತ್ತೆ. ಹೊಸದಾಗಿ ಒಂದೇ ಒಂದು ಸಾಮಾನು ತಗೋಬೇಕು ಅಂದ್ರೆ ಬೇರಿಂಗ್ ಇರೋ ಲೈವ್ ಸೆಂಟರ್ ತಗೊಳ್ಳಿ, ಚಕ್‌ಗಿಂತ ಮೊದ್ಲು ಇದು. ತಗೋಳೋವಾಗ ಬಾಲದ (ಒಳಗೆ ಕೂರೋ ಟೇಪರ್ ಭಾಗದ) ಉದ್ದ ನೋಡಿ. ಟೇಲ್‌ಸ್ಟಾಕ್ ಚಕ್ರ ಹಿಂದಕ್ಕೆ ತಿರುಗ್ಸಿದ್ರೆ ಒಳಗಿನ ಸ್ಕ್ರೂ ಬಂದು ಸೆಂಟರ್‌ನ ತಳ್ಳಿ ಬಿಡ್ಸೋ ಮಿಷಿನ್ ನಿಮ್ಮದಾದ್ರೆ, ಬಾಲ ಗಿಡ್ಡ ಇರೋ ಸೆಂಟರ್‌ಗೆ ಸ್ಕ್ರೂ ಮುಟ್ಟೋದೇ ಇಲ್ಲ, ಸೆಂಟರ್ ಸಿಕ್ಕಾಕ್ಕೊಳತ್ತೆ. ಬಾಲ ಉದ್ದ ಇದ್ರೆ ಸ್ಕ್ರೂಗೆ ತಾಗಿ ಟೇಪರ್ ಪೂರ್ತಿ ಕೂರಲ್ಲ. ಡ್ರಿಲ್ ಚಕ್ ಟೇಲ್‌ಸ್ಟಾಕಲ್ಲಿ ಹಾಗೇ ಹಾಕ್ಬೋದು, ಹೆಡ್‌ಸ್ಟಾಕಲ್ಲಿ ಹಾಕೋದಾದ್ರೆ ಹಿಂದಿಂದ ಎಳೆದು ಹಿಡಿಯೋ ಡ್ರಾ ಬಾರ್ ಕಡ್ಡಾಯ, ಪಕ್ಕದ ಒತ್ತಡಕ್ಕೆ ಟೇಪರ್ ಸಡ್ಲ ಆಗಿ ತಿರುಗ್ತಿರೋ ಚಕ್ಕೇ ಆಚೆ ಬಂದ್ಬಿಡತ್ತೆ. ಎಂಟಿ2 ಬಾಲದ ಹಿಂದೆ ಇರೋ ತೂತು ಹೆಚ್ಚಾಗಿ 3/8 ಇಂಚು 16 ಟಿಪಿಐ ಅಥವಾ ಎಂ10, ಡ್ರಾ ಬಾರ್ ಮಾಡ್ಸೋಕೆ ಮುಂಚೆ ಯಾವ್ದು ಅಂತ ಬೋಲ್ಟ್ ಹಾಕಿ ನೋಡಿ.

ಟೂಲ್ ರೆಸ್ಟ್ ಸುಲಭದ ವಿಷ್ಯ. ಕಾಲಿನ ದಪ್ಪ 5/8, 3/4, 1 ಇಂಚು, ಕೆಲವಕ್ಕೆ 30 ಮಿಮೀ. ಬ್ಯಾಂಜೊ (ಟೂಲ್ ರೆಸ್ಟ್ ಕಾಲು ಹಿಡಿಯೋ ಬುಡ) ತೂತಿಗಿಂತ ಕಾಲು ಸಣ್ಣದಾದ್ರೆ ಬುಷ್ ಹಾಕ್ಬೋದು, ದಪ್ಪ ಆದ್ರೆ ಟರ್ನರ್ ಹತ್ರ ಕಡೆಸ್ಬೋದು, ಎರಡಕ್ಕೂ ದಾರಿ ಇದೆ. ಎತ್ತರ ಮಾತ್ರ ಜಾಗ್ರತೆ: ಬ್ಯಾಂಜೊ ಮೇಲ್ಮೈಯಿಂದ ಸೆಂಟರ್‌ವರೆಗೆ ಎಷ್ಟಿದೆ ಅಳೀರಿ, ರೆಸ್ಟನ್ನ ಪೂರ್ತಿ ಕೆಳಗೆ ಇಳ್ಸಿದಾಗ ಅದ್ರ ಮೇಲಂಚು ಸೆಂಟರ್‌ಗಿಂತ ಕೆಳಗೇ ಇರ್ಬೇಕು, ಅದ್ರ ಮೇಲೆ ಉಳಿ ದಪ್ಪ ಬೇರೆ ಇದೆ. ದೊಡ್ಡ ಲೇತ್‌ಗೆ ಮಾಡಿದ ರೆಸ್ಟ್ ಸಣ್ಣ ಲೇತಲ್ಲಿ ಎಷ್ಟು ಇಳ್ಸಿದ್ರೂ ಎತ್ತರಾನೇ ಆಗ್ಬೋದು, ಅದನ್ನ ಸರಿ ಮಾಡೋಕಾಗಲ್ಲ. ಹಳೇ ಬೀಡಿನ ರೆಸ್ಟ್ ಅಂಚು ಹಳ್ಳ ದಿಣ್ಣೆ ಆಗಿದ್ರೆ ಎಸೀಬೇಡಿ, ಅರ ಹಾಕಿ ಉಜ್ಜಿ ನೇರ ಮಾಡಿದ್ರೆ ಹೊಸದರಷ್ಟೇ ಚೆನ್ನಾಗಿ ಉಳಿ ಜಾರತ್ತೆ.

ಸ್ಟೆಡಿ ರೆಸ್ಟ್ (ಉದ್ದ ಮರ ಅದುರದಂತೆ ಹಿಡಿಯೋದು), ಬೇರೆ ಬ್ಯಾಂಜೊ ಇಂಥವಕ್ಕೆ ಬೆಡ್‌ನ ಎರಡು ಹಳಿ ಮಧ್ಯದ ಅಗಲ ಬೇಕು, ಪೈಪ್ ಬೆಡ್ ಇರೋ ಹಳೇ ಕ್ರಾಫ್ಟ್ಸ್‌ಮನ್‌ಗೆ ಮಾರ್ಕೆಟ್ ಸಾಮಾನು ಕೂರಲ್ಲ, ಮರದಲ್ಲಿ ಮಾಡ್ಕೊಳ್ಳೋದೇ ವಾಸಿ.

ಬೆಲ್ಟ್ ಬಗ್ಗೆ ಜಾಸ್ತಿ ಹೇಳೋದಿಲ್ಲ, ವಿ ಬೆಲ್ಟ್ ಆದ್ರೆ ಪುಲ್ಲಿಲಿ ಬೆಲ್ಟ್ ಕೂರೋ ಕೊರಕಲಿನ ಅಗಲ ನೋಡಿ ತಗೊಳ್ಳಿ, ಸ್ಪಿಂಡಲ್ ಬಿಚ್ಚೋಕೆ ಮನಸ್ಸಿಲ್ಲ ಅಂದ್ರೆ ಕೊಂಡಿ ಕೊಂಡಿ ಸೇರ್ಸೋ ಲಿಂಕ್ ಬೆಲ್ಟ್ ಹಾಕಿ, ಅದುರಾಟಾನೂ ಕಮ್ಮಿ ಆಗತ್ತೆ. ಆದ್ರೆ ಸ್ಪೀಡ್ ಮಾತ್ರ ಚಕ್ ತಗೋಳೋವಾಗ್ಲೇ ಯೋಚ್ನೆ ಮಾಡಿ. ಟರ್ನಿಂಗ್ ಮಾಡೋರು ಪಾಲಿಸೋ ಲೆಕ್ಕ ಏನಂದ್ರೆ ಮರದ ವ್ಯಾಸ ಇಂಚಲ್ಲಿ, ಅದಕ್ಕೆ ಆರ್‌ಪಿಎಂ ಗುಣಿಸಿದ್ರೆ 6000ದಿಂದ 9000 ಒಳಗೆ ಬರ್ಬೇಕು. 10 ಇಂಚಿನ ಬೌಲ್‌ಗೆ 600ರಿಂದ 900. ಹಳೇ ಸ್ಟೆಪ್ ಪುಲ್ಲಿ ಲೇತ್‌ಗಳಲ್ಲಿ ಅತೀ ಕಮ್ಮಿ ಸ್ಪೀಡೇ ಎಷ್ಟೋ ಸಲ 800, 900 ಇರತ್ತೆ, ಇನ್ನೂ ಸಮ ಆಗದ ಒರಟು ತುಂಡಿಗೆ ಅದು ಜಾಸ್ತಿ ಆಯ್ತು. ನಿಮ್ಮ ಮಿಷಿನ್ ಅಂಥದ್ದೇ ಆದ್ರೆ ದೊಡ್ಡ ಜಾ ಸೆಟ್‌ಗೆ ಇಟ್ಟಿರೋ ದುಡ್ಡನ್ನ ಮೊದ್ಲು ಸ್ಪೀಡ್ ಇಳ್ಸೋಕೆ ಹಾಕಿ.

ಸೆಕೆಂಡ್ ಹ್ಯಾಂಡ್ ಸಾಮಾನು ದೂರದಿಂದ ತರ್ಸೋವಾಗ ಮಾರೋರ ಮಾತಲ್ಲಿ ಬರೀ 'ಒಂದು ಇಂಚು' ಅಂತ ಇದ್ರೆ ನಂಬಿ ದುಡ್ಡು ಕಳ್ಸಬೇಡಿ. ಥ್ರೆಡ್ ಒಳಗೆ ಸ್ಕೇಲ್ ಇಟ್ಟ ಒಂದು ಫೋಟೋ, ಹಿಂಬದಿ ಶೋಲ್ಡರ್ ಮುಟ್ಟೋ ಮೈದು ಒಂದು ಫೋಟೋ, ಟೇಪರ್ ಸಾಮಾನಾದ್ರೆ ದಪ್ಪ ತುದಿಗೆ ವರ್ನಿಯರ್ ಇಟ್ಟಿದ್ದು ಒಂದು ಫೋಟೋ ಕೇಳಿ. ಸರಿಯಾಗಿ ಮಾರೋರು ಇದಕ್ಕೆ ಬೇಜಾರು ಮಾಡ್ಕೊಳ್ಳಲ್ಲ, ಫೋಟೋ ಬಂದ ಮೇಲೆ ನಿಮ್ಮ ಮಿಷಿನ್ನಿನ ನಾಲ್ಕು ಅಳತೆ ಪಕ್ಕದಲ್ಲಿಟ್ಟು ನೋಡಿ ಆಮೇಲೆ ಆರ್ಡರ್ ಮಾಡಿ.